ಪದಚರ್ಚೆ: ತೀರಿಕೊಂಡವರ ಸೀರೆಯಿಂದ ಹೊಲಿದ ಕೌದಿಗೆ ಏನೆನ್ನಬೇಕು?

ಪ್ರಶ್ನೆ: ತೀರಿಕೊಂಡ ಹಿರಿಯರ ಸೀರೆ, ಧೋತರ, ಅಂಗಿಗಳನ್ನು ಕತ್ತರಿಸಿ ಮನೆಯವರಿಗೆ ಕೌದಿ ಹೊಲಿದುಕೊಡುತ್ತೇವೆ. ಅದರ ಮೂಲೆಗೆ ಹೆಸರಿನ ಪಟ್ಟಿಯೊಂದನ್ನು ಹಚ್ಚಬೇಕು. ‘ಸ್ಮರಣಿಕೆ’ ಎಂದು ಬರೆಯಬಹುದೆ? ಶಾಸನಗಳಲ್ಲಿರುವ ‘ಪರೋಕ್ಷವಿನಯ’ವನ್ನು ಮತ್ತೆ ಬಳಕೆಗೆ ತರಬಹುದೆ? ‘ಸ್ಮರಣಾರ್ಥಕ್ಕಾಗಿ’ ಸರಿಯಾದ ರೂಪವೆ?

ಉತ್ತರ: ‘ಸ್ಮರಣಿಕೆ’ ಬೇಡ. ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ವೇದಿಕೆಯಲ್ಲಿ ಕೊಡುವ ಫಲಕಕ್ಕೆ ಆ ಪದ ಅಂಟಿಹೋಗಿದೆ. ತಾಯಿಯ ಸೀರೆಗೆ ಆ ಹೆಸರಿಟ್ಟರೆ ಮನಸ್ಸು ಒಪ್ಪುವುದಿಲ್ಲ.

‘ಪರೋಕ್ಷವಿನಯ’ ನಿಜಕ್ಕೂ ಚೆಲುವಾದ ಪದ. ಶ್ರವಣಬೆಳಗೊಳದ ನಿಸಿದಿ ಶಾಸನಗಳಲ್ಲಿ (ತೀರಿಕೊಂಡ ಜೈನರ ನೆನಪಿನ ಕಲ್ಬರಹಗಳಲ್ಲಿ), ಅಗಲಿದ ಗುರುವಿಗೆ ಶಿಷ್ಯರು ಕಲ್ಲು ನಿಲ್ಲಿಸಿದ ಕಡೆ ಇದು ಬರುತ್ತದೆ. ಪರೋಕ್ಷವೆಂದರೆ ಕಣ್ಣಿಗೆ ಮರೆಯಾದದ್ದು; ಮರೆಯಾದವರಿಗೆ ಸಲ್ಲಿಸುವ ಗೌರವವೇ ಪರೋಕ್ಷವಿನಯ. ಆದರೆ ಇಂದಿನ ಓದುಗರ ಕಿವಿಯಲ್ಲಿರುವುದು ‘ಪರೋಕ್ಷ ತೆರಿಗೆ’ಯ ಪರೋಕ್ಷ. ಲೇಖನದಲ್ಲಿ ವಿವರಿಸಿ ಬಳಸಬಹುದು, ಪಟ್ಟಿಯ ಮೇಲೆ ವಿವರಿಸಲು ಜಾಗವಿರುವುದಿಲ್ಲ.

‘ಸ್ಮರಣಾರ್ಥಕ್ಕಾಗಿ’ ತಪ್ಪು. ‘ಅರ್ಥ’ದಲ್ಲೇ ‘ಗಾಗಿ’ ಇದೆ. ‘ಸ್ಮರಣಾರ್ಥ’ ಎಂದರೆ ಸಾಕು, ‘ನೆನಪಿಗಾಗಿ’ ಎಂದರೆ ಇನ್ನೂ ಹಗುರ.

ಇನ್ನು ವಸ್ತುವಿನ ಹೆಸರು. ಸತ್ತವರ ನೆನಪಿಗೆ ನಿಲ್ಲಿಸಿದ್ದನ್ನು ಕನ್ನಡ ಆ ವಸ್ತುವಿನ ಹೆಸರಿನಿಂದಲೇ ಕರೆದಿದೆ: ವೀರಗಲ್ಲು, ಮಾಸ್ತಿಕಲ್ಲು. ಆತಕೂರಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ 10ನೆಯ ಶತಮಾನದಲ್ಲಿ ನಿಲ್ಲಿಸಿದ್ದೂ ಕಲ್ಲೇ. ಆ ದಾರಿಯಲ್ಲಿ ಹೋದರೆ ಇದು ‘ಅವ್ವನ ಕೌದಿ’, ‘ಅಜ್ಜನ ಕೌದಿ’. ‘ಕಂತೆಗೆ ತಕ್ಕ ಬೊಂತೆ’ ಎನ್ನುವ ಗಾದೆಯ ಕಂತೆ, ಬೊಂತೆ ಎರಡೂ ತೇಪೆ ಬಟ್ಟೆಗಳೇ. ಆದರೆ ಕಂತೆ ಈಗ ಕಾಗದದ ಕಟ್ಟಾಗಿದೆ, ಬೊಂತೆ ಗಾದೆಯಲ್ಲಷ್ಟೇ ಉಳಿದಿದೆ. ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಹೊದಿಕೆ ‘ಕವಂದಿ’ ಬೇರೆಯೇ ಕಸುಬು: ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗೆ ಬಟ್ಟೆ ಮಡಿಸಿ ‘ಫೂಲ’ (ಹೂವು) ಹಚ್ಚುತ್ತಾರೆ. ಹಾಗೆ ಹೊಲಿಯದ ಹೊದಿಕೆಗೆ ಆ ಹೆಸರನ್ನು ಇಡಬಾರದು.

ಹೊಲಿಗೆಯ ಬಗ್ಗೆಯೂ ಎರಡು ಮಾತು. ಉಟ್ಟು ಹಳೆಯದಾದ ಸೀರೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ; ಕುಳಿತು ಏಳುವ ಭಾಗ ಸವೆದು ಜಾಳಾಗಿರುತ್ತದೆ. ಬೆಳಕಿಗೆ ಹಿಡಿದು ನೋಡಿ, ಜಾಳಾದದ್ದನ್ನು ಒಳಪದರಕ್ಕೆ ಹಾಕಿ, ಗಟ್ಟಿಯಾದದ್ದನ್ನು ಮೇಲಕ್ಕೆ ಇಡಿ. ಆರು ಇಂಚಿನ ತುಂಡು ಬೇಕಿದ್ದರೆ ಏಳು ಇಂಚು ಕತ್ತರಿಸಿ, ಸುತ್ತಲೂ ಅರ್ಧ ಇಂಚು ಮಡಿಕೆಗೆ ಹೋಗುತ್ತದೆ. ಇಳಕಲ್ ಸೀರೆಯಾದರೆ ಇನ್ನಷ್ಟು ಎಚ್ಚರ ಬೇಕು. ಒಡಲಿನ ಹಾಸುನೂಲಿಗೆ (ನೇಯ್ಗೆಯ ಉದ್ದ ಎಳೆಗಳಿಗೆ) ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಗೆರೆಯ ಮೇಲೆ ಕತ್ತರಿ ಆಡಿಸಿದರೆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಸೆರಗಿನ ಕೆಂಪು ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯಿಂದ ಮೊದಲೇ ಉಜ್ಜಿ ನೋಡಿ. ಒಡಲು ಹತ್ತಿ, ಸೆರಗು ರೇಷ್ಮೆಯಾಗಿದ್ದರೆ ಒಗೆದಾಗ ಎರಡೂ ಒಂದೇ ಅಳತೆಗೆ ಕುಗ್ಗುವುದಿಲ್ಲ, ಕೌದಿ ಸುಕ್ಕುಗಟ್ಟುತ್ತದೆ. ಸೆರಗನ್ನು ಬೇರೆಯಾಗಿಟ್ಟು ಚೌಕಟ್ಟು ಹಾಕಿಸುವುದು ಒಳ್ಳೆಯದು.

ಪಟ್ಟಿಯ ಅಕ್ಷರಗಳಿಗೆ ಶಾಯಿ ಬೇಡ, ಒಗೆತಕ್ಕೆ ಮಾಸುತ್ತದೆ; ದಾರದಲ್ಲೇ ಬರೆಯಿರಿ. ಅರ್ಧ ಇಂಚಿನ ಅಕ್ಷರಕ್ಕೆ ಒತ್ತು ಬಂದರೆ ಕೆಳಗೆ ಹೆಚ್ಚುಕಡಿಮೆ ಅಷ್ಟೇ ಜಾಗ ಬಿಡಬೇಕು. ‘ಸ್ಮರಣಾರ್ಥ’ದಲ್ಲಿ ಮವೊತ್ತೂ ಇದೆ, ಅರ್ಕಾವೊತ್ತೂ ಇದೆ, ಸಣ್ಣದಾಗಿ ಹೊಲಿದರೆ ಸುರುಳಿಗಳಲ್ಲಿ ದಾರ ತುಂಬಿ ಅಕ್ಷರ ಮುಚ್ಚಿಹೋಗುತ್ತದೆ. ‘ನೆನಪು’ ಎಂಬುದರಲ್ಲಿ ಒಂದೂ ಒತ್ತಿಲ್ಲ. ಮೇಲಿನ ಸಾಲಿಗೆ ‘ಅವ್ವನ ನೆನಪು’, ಕೆಳಗಿನ ಸಾಲಿಗೆ ಹುಟ್ಟಿದ ಮತ್ತು ತೀರಿಕೊಂಡ ಇಸವಿ. ‘ವ್ವ’ದ ಒತ್ತಿಗೆ ಮಾತ್ರ ಸಾಲುಗಳ ನಡುವೆ ಜಾಗ ಬಿಡಿ.