ಸಹಾಯ ಬೇಕು: ಎರಡು ಬ್ಲ್ಯಾಕ್‌ಫುಟ್ (ಕೆನಡಾ ಕಡೆಯ ಮೂಲನಿವಾಸಿಗಳು) ತಾಣ, ಒಂದೇ ದಿನ?

ಕ್ಯಾಲ್ಗರಿಯಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್, ಕಾರಲ್ಲಿ. ಮೊದಲು ಹೆಡ್-ಸ್ಮ್ಯಾಶ್ಡ್-ಇನ್ ಬಫಲೋ ಜಂಪ್, ಸುಮಾರು 180 ಕಿ.ಮೀ. ಲಿಫ್ಟಲ್ಲಿ ಮೇಲೆ ಹೋಗಿ, ಅವರು ಬೇಟೆಗೆ ಬೈಸನ್ (ಕಾಡೆಮ್ಮೆಯಂಥ ಪ್ರಾಣಿ) ಹಿಂಡು ಓಡಿಸಿ ಬೀಳಿಸ್ತಿದ್ದ ಬಂಡೆಯಂಚು ನೋಡಿ, ಮ್ಯೂಸಿಯಂ ಒಂದೊಂದೇ ಅಂತಸ್ತು ಇಳೀತಾ ಬಂದ್ರೆ ಎರಡೂವರೆ ಗಂಟೆ ಬೇಕೇ ಬೇಕು. ಅವಸರ ಮಾಡಿದ್ರೆ ಹೋಗಿದ್ದೇ ದಂಡ. (ಮೇಲೆ ಗಾಳಿಗೆ ಟೋಪಿ ನಿಲ್ಲಲ್ಲ.)

ತೊಡಕಿರೋದು ಎರಡನೇದು, ಬಂಡೆಚಿತ್ರಗಳಿರೋ ರೈಟಿಂಗ್-ಆನ್-ಸ್ಟೋನ್ ಪಾರ್ಕ್‌ದು. ಲೆತ್‌ಬ್ರಿಜ್, ಮಿಲ್ಕ್ ರಿವರ್ ಊರುಗಳ ಮೇಲೆ ಇನ್ನೂ 2 ಗಂಟೆ ದಾರಿ. ಬಂಡೆಚಿತ್ರ ಹೆಚ್ಚಿರೋ ಭಾಗಕ್ಕೆ ಗೈಡ್ ಟೂರಲ್ಲಿ ಮಾತ್ರ ಬಿಡೋದು. ಮೊದಲು ಇಲ್ಲಿಗೇ ಬಂದು ಬೆಳಗಿನ ಟೂರ್ ಹಿಡಿದ್ರೆ, ಬಫಲೋ ಜಂಪ್‌ಗೆ ಹೋಗೋಷ್ಟರಲ್ಲಿ ಮ್ಯೂಸಿಯಂ ಮುಚ್ಚೋ ಹೊತ್ತಾಗುತ್ತೆ. ಮಧ್ಯಾಹ್ನದ್ದಾದ್ರೆ ವಾಪಸ್ ಮೂರೂವರೆ ಗಂಟೆ ಡ್ರೈವ್, ಕತ್ತಲಲ್ಲಿ ಜಿಂಕೆ ಅಡ್ಡ ಬರುತ್ತೆ.

ಟೂರ್ ಬಿಟ್ಟು, ಹೂಡೂ (ಕಲ್ಲಿನ ಕಂಬಗಳು) ಟ್ರೇಲಲ್ಲಿ ನಾವೇ ನಡೆದು ಅಲ್ಲಿರೋ ಯುದ್ಧದ ಬಂಡೆಚಿತ್ರ ಒಂದನ್ನೇ ನೋಡಿದ್ರೆ ಸಾಕಾ, ಇಲ್ಲ ರೈಟಿಂಗ್-ಆನ್-ಸ್ಟೋನ್‌ಗೇ ಬೇರೆ ದಿನ ಇಡ್ಬೇಕಾ? ಎರಡೂ ನೋಡಿದವರು ಹೇಳಿ.