ನಿನ್ನೆವರೆಗೂ ಪಕ್ಕದಲ್ಲಿ ಕೂತು ಹೊಲಿದವರಿಗೆ ಇವತ್ತು ಸೂಪರ್‌ವೈಸರ್ ಆಗಿದ್ದೇನೆ. ಕೂಗದೆ ಟಾರ್ಗೆಟ್ ತೆಗೆಯುವುದು ಹೇಗೆ?

ಶರ್ಟ್‌ಲೈನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮೈಸೂರು ರಸ್ತೆ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ 11 ವರ್ಷದಿಂದ ಇದ್ದೇನೆ. ಹೆಲ್ಪರ್ ಆಗಿ ಸೇರಿದವಳು, ಆಮೇಲೆ ಟೈಲರ್ ಆದೆ, ಈಗ ಆರು ತಿಂಗಳಿಂದ ಬ್ಯಾಚ್ ಸೂಪರ್‌ವೈಸರ್. ನಮ್ಮ ಫ್ಲೋರಿನಲ್ಲಿ ಹೆಂಗಸು ಸೂಪರ್‌ವೈಸರ್ ನಾನೊಬ್ಬಳೇ. ಬ್ಯಾಚ್‌ನಲ್ಲಿ 42 ಮಿಷನ್, ಶರ್ಟ್ ಲೈನ್, ಗಂಟೆಗೆ 80 ಪೀಸ್ ಟಾರ್ಗೆಟ್.

ಪ್ರಮೋಷನ್ ಸಿಕ್ಕಿದ ದಿನ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದ್ದೆ. ನಮ್ಮವಳೇ ಬಂದಳು, ಇನ್ನು ಬೈಗುಳ ತಪ್ಪಿತು ಅಂತ ಜೊತೆಯವರು ಖುಷಿಪಟ್ಟಿದ್ದರು. ಈಗ ಊಟದ ಹೊತ್ತಿಗೆ ನಾನು ಡಬ್ಬಿ ಹಿಡಿದು ಹೋದರೆ ಅಲ್ಲಿ ಮಾತೇ ನಿಂತುಹೋಗುತ್ತದೆ.

ತಪ್ಪು ನನ್ನದೇ. ಮೊದಲ ಗಂಟೆ 60 ಪೀಸ್ ಬಂದಿರುತ್ತದೆ. ಪ್ರೊಡಕ್ಷನ್ ರೈಟರ್ ಅದನ್ನು ಬೋರ್ಡ್ ಮೇಲೆ ಬರೆದ ಐದು ನಿಮಿಷಕ್ಕೆ ಫ್ಲೋರ್ ಇನ್‌ಚಾರ್ಜ್ ಬಂದು ಎಲ್ಲರ ಎದುರಿಗೆ ನನ್ನನ್ನು ಬೈಯುತ್ತಾರೆ, ಅವರು ಮ್ಯಾನೇಜರ್ ಹತ್ತಿರ ಬೈಸಿಕೊಂಡು ಬಂದಿರುತ್ತಾರೆ, ನಾನು ಅದನ್ನೇ ತೆಗೆದುಕೊಂಡು ಹೋಗಿ ಲೈನ್ ಮೇಲೆ ಸುರಿಯುತ್ತೇನೆ.

ಹೋದ ವಾರ ಕಾಲರ್ ಅಟ್ಯಾಚ್ ಮಾಡುವ ಅಕ್ಕನ ಮೇಲೆ ಕೂಗಿಬಿಟ್ಟೆ. ಅವರ ಮಿಷನ್ ಹಿಂದೆ ಬಂಡಲ್ ರಾಶಿ ಬಿದ್ದಿತ್ತು, ಆಲ್ಟರೇಶನ್ನೂ (ತಪ್ಪಾಗಿ ಬಿಚ್ಚಿ ಮತ್ತೆ ಹೊಲಿಯಬೇಕಾದ ಪೀಸ್) ಜಾಸ್ತಿ ಬರುತ್ತಿತ್ತು. "ಕಣ್ಣು ಕಾಣಲ್ವಾ ನಿಮಗೆ? ಆಗದಿದ್ದರೆ ಮನೆಯಲ್ಲಿ ಇರಿ" ಅಂದೆ. ನನಗೆ ಕಾಲರ್ ಹಚ್ಚುವುದು ಕಲಿಸಿದವರೇ ಅವರು. ನಾನು ಹೆಲ್ಪರ್ ಆಗಿದ್ದಾಗ ಊಟದ ಬಿಡುವಿನಲ್ಲಿ ತಮ್ಮ ಮಿಷನ್ ಕೊಟ್ಟು, ವೇಸ್ಟ್ ಬಟ್ಟೆ ಮೇಲೆ ಹೊಲಿಸಿದವರು. ಅವತ್ತು ತಿರುಗಿ ಒಂದು ಮಾತೂ ಆಡಲಿಲ್ಲ. ಮಾರನೇ ದಿನದಿಂದ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಈಗ ಬರುತ್ತಿದ್ದಾರೆ, ನನ್ನ ಮುಖ ನೋಡುವುದಿಲ್ಲ.

ನಾನು ಹೀಗಿರಲಿಲ್ಲ. ಕ್ಷಮೆ ಕೇಳಬೇಕು ಅಂತಿದೆ, ಹೇಗೆ ಅಂತ ಗೊತ್ತಾಗುತ್ತಿಲ್ಲ. ಕೇಳಿದ ಮೇಲೆ ಟಾರ್ಗೆಟ್ ಹೇಗೆ ತೆಗೆಯುವುದು ಅನ್ನುವುದೂ ಗೊತ್ತಿಲ್ಲ. ಈ ಲೈನಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇಸೂಪರ್‌ವೈಸರ್

ನೋಡಮ್ಮ, ನಾನು ಪೀಣ್ಯದಲ್ಲಿ, ಆಮೇಲೆ ಬೊಮ್ಮನಹಳ್ಳಿಯಲ್ಲಿ, ಒಟ್ಟು 24 ವರ್ಷ ಇದೇ ಕೆಲಸ ಮಾಡಿದವನು. ಅದರಲ್ಲಿ 18 ವರ್ಷ ಕೂಗಿದ್ದೇನೆ. ಕೂಗಿದರೆ ಕೆಲಸ ಆಗುತ್ತದೆ ಅಂತ ನಂಬಿದ್ದೆ. ಆಗುವುದು ಅರ್ಧ ಗಂಟೆ ಮಾತ್ರ. ಭಯಕ್ಕೆ ಕೈ ಜೋರಾಗಿ ಓಡುತ್ತದೆ, ಹಿಂದೆಯೇ ಆಲ್ಟರೇಶನ್ ಬರುತ್ತದೆ, ಬಿಚ್ಚಿ ಹೊಲಿಯುವುದಕ್ಕೆ ಇನ್ನೊಂದು ಗಂಟೆ ಹೋಗುತ್ತದೆ.

ನನ್ನ ಕಣ್ಣು ತೆರೆಸಿದ್ದು 2016ರ ಏಪ್ರಿಲ್. ಕಂಪನಿ ಕಡೆಯಿಂದ ಕಟ್ಟಿದ ಪಿಎಫ್ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ನಿಯಮ ಬಂದಿತ್ತಲ್ಲ, ಸಾವಿರಾರು ಹೆಣ್ಣುಮಕ್ಕಳು ಮಿಷನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ನನ್ನ ಲೈನಿನವರೂ ಅಲ್ಲಿದ್ದರು. ಎಷ್ಟೋ ವರ್ಷ ನಾನು ಏನೇ ಅಂದರೂ ತಲೆ ತಗ್ಗಿಸಿ ಹೊಲಿಯುತ್ತಿದ್ದವರು. ಅವರು ಸುಮ್ಮನಿದ್ದರು ಅಂದರೆ ಒಪ್ಪಿದ್ದರು ಅಂತ ಅಂದುಕೊಂಡಿದ್ದೆ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಕ್ಷಮೆ ವಿಷಯಕ್ಕೆ ಬರುತ್ತೇನೆ. ಎಲ್ಲಿ ನಿಂತು ಬೈದೆಯೋ ಅಲ್ಲೇ ನಿಂತು ಕೇಳು, ಯಾರ ಎದುರು ಬೈದೆಯೋ ಅವರ ಎದುರೇ ಕೇಳು. ಎಲ್ಲರಿಗೂ ಕೇಳುವ ಹಾಗೆ ಬೈದು, ಮೆಟ್ಟಿಲ ಹತ್ತಿರ ಕರೆದು ಗುಟ್ಟಾಗಿ ಕ್ಷಮೆ ಕೇಳಿದರೆ ಹೋದ ಮರ್ಯಾದೆ ವಾಪಸ್ ಬರುವುದಿಲ್ಲ. "ಟಾರ್ಗೆಟ್ ಟೆನ್ಷನ್ ಇತ್ತು ಅಕ್ಕ" ಅಂತ ಮಾತ್ರ ಸೇರಿಸಬೇಡ. ಅವರಿಗೂ ಅದೇ ಟೆನ್ಷನ್ ಇತ್ತು.

ಗಡಿಯಾರದವನು

ನಾನು ಐಇ (ಇಂಡಸ್ಟ್ರಿಯಲ್ ಎಂಜಿನಿಯರ್), ಅಂದರೆ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯಲು ವಾಚ್ ಹಿಡಿದುಕೊಂಡು ಟೈಲರ್ ಹಿಂದೆ ನಿಂತುಕೊಳ್ಳುತ್ತೇವಲ್ಲ, ಆ ಗುಂಪಿನವನು. ಮೇಡಂ, ನಿಮ್ಮ ಬರಹದಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಂಡಲ್ ರಾಶಿ ಬಿದ್ದಿದ್ದು ಒಂದೇ ಮಿಷನ್ ಹಿಂದೆ. ಕಾಲರ್ ಅಟ್ಯಾಚ್‌ಗೆ ಒಬ್ಬರೇ ಇದ್ದು ಅವರ ಕೈಯಲ್ಲಿ ಗಂಟೆಗೆ 60 ಆಗುತ್ತದೆ ಅಂದರೆ, ಉಳಿದ 41 ಜನ ಎಷ್ಟೇ ವೇಗವಾಗಿ ಹೊಲಿದರೂ ಲೈನಿನಿಂದ ಹೊರಗೆ ಬರುವುದು 60 ಶರ್ಟ್ ಅಷ್ಟೇ. ನೀವು ಇಡೀ ಲೈನ್ ಮೇಲೆ ಕೂಗಿದರೆ ಆ ಒಂದು ರಾಶಿ ಇನ್ನೂ ದೊಡ್ಡದಾಗುತ್ತದೆ, ಆ ಅಕ್ಕನ ಎದೆಬಡಿತ ಜಾಸ್ತಿಯಾಗುತ್ತದೆ.

ಗಂಟೆ ಮುಗಿದು ಬೋರ್ಡ್ ಬರೆಯುವವರೆಗೆ ಕಾಯಬೇಡಿ. ಪ್ರತಿ 20 ನಿಮಿಷಕ್ಕೆ ಒಂದು ಸುತ್ತು ಹಾಕಿ. ಎಲ್ಲಿ ಬಂಡಲ್ ಸೇರುತ್ತಿದೆ, ಯಾರು ಖಾಲಿ ಕೂತಿದ್ದಾರೆ, ಎರಡೇ ನೋಡಿ. ಕಫ್ ಅಥವಾ ಸ್ಲೀವ್ ಕಡೆ ಕೈ ಖಾಲಿ ಇದ್ದು ಕಾಲರ್ ಬರುವವರು ಇದ್ದರೆ ಒಂದು ಗಂಟೆ ಇಲ್ಲಿಗೆ ಕೂರಿಸಿ. ಯಾರೂ ಇಲ್ಲದಿದ್ದರೆ ನೀವೇ ಕೂರಿ, ನಿಮಗೆ ಕಾಲರ್ ಬರುತ್ತದಲ್ವಾ? ಫ್ಲೋರ್ ಇನ್‌ಚಾರ್ಜ್‌ಗೂ ಹೀಗೇ ಲೆಕ್ಕ ಇಟ್ಟು ಹೇಳಿ: "ಸಾರ್, ಕಾಲರ್‌ನಲ್ಲಿ 20 ಪೀಸ್ ಕಮ್ಮಿ ಬೀಳುತ್ತಿದೆ, ಇನ್ನೊಂದು ಮಿಷನ್ ಕೊಡಿ." ಅಂಕಿ ಕೈಯಲ್ಲಿದ್ದರೆ ಬೈಯುವವರೂ ಒಂದು ನಿಮಿಷ ನಿಂತು ಕೇಳುತ್ತಾರೆ.

ಸಿಂಗಲ್‌ನೀಡಲ್

ನಾನು ಟೈಲರ್. ಮಂಡ್ಯ ಕಡೆ ಫ್ಯಾಕ್ಟರಿ. ಸೂಪರ್‌ವೈಸರ್‌ಗಳು ಏನು ಮಾಡಬೇಕು ಅಂತ ಎಲ್ಲರೂ ಹೇಳಿದರು, ಬೈಸಿಕೊಂಡವಳ ಮಾತೂ ಸ್ವಲ್ಪ ಕೇಳಿ.

ಅವತ್ತು ಓಡುತ್ತಿದ್ದ ಬಟ್ಟೆ ಯಾವ ಬಣ್ಣದ್ದು? ಮೊದಲು ಅದನ್ನು ಹೇಳಿ ಅಕ್ಕ. ಕಪ್ಪು ಅಥವಾ ನೇವಿ ಬ್ಲೂ ಬಟ್ಟೆಗೆ ಅದೇ ಬಣ್ಣದ ದಾರ ಹಾಕಿ ಹೊಲಿಯುವಾಗ ಹೊಲಿಗೆ ಎಲ್ಲಿ ಹೋಗುತ್ತಿದೆ ಅಂತಲೇ ಕಾಣುವುದಿಲ್ಲ. ನಲವತ್ತು ದಾಟಿದ ಮೇಲಂತೂ ಹತ್ತಿರದ್ದು ಮಸುಕಾಗುತ್ತದೆ. ಎಷ್ಟೋ ಜನ ಕನ್ನಡಕ ಹಾಕಿಕೊಂಡು ಬರುವುದಿಲ್ಲ, ಹಾಕಿಕೊಂಡರೆ ಕಣ್ಣು ಹೋಯಿತು ಅಂತ ಹೆಲ್ಪರ್ ಕೆಲಸಕ್ಕೆ ಇಳಿಸಿಬಿಡುತ್ತಾರೆ ಅನ್ನುವ ಭಯ. ನನ್ನ ಚಿಕ್ಕಮ್ಮ ಎರಡು ವರ್ಷ ಹಾಗೇ ತಳ್ಳಿದರು. ನೀವು "ಕಣ್ಣು ಕಾಣಲ್ವಾ" ಅಂದಿದ್ದು ಆ ಅಕ್ಕನಿಗೆ ಎಲ್ಲಿ ತಾಗಿರಬಹುದು ಯೋಚನೆ ಮಾಡಿ.

ಇನ್ನೊಂದು. ನಮ್ಮನ್ನು ಹೆಸರು ಹಿಡಿದು ಕರೆಯಿರಿ. "ಏಯ್ ಕಾಲರ್", "ಏಯ್ ಬಟನ್" ಅಂತ ಕರೆಸಿಕೊಂಡು ದಿನವಿಡೀ ಕೂರುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಿರಬೇಕು. ಟಾಯ್ಲೆಟ್‌ಗೆ ಹೋಗಿಬಂದರೆ ವಾಚ್ ನೋಡಬೇಡಿ.

ತರಬೇತಿ

ಗಾರ್ಮೆಂಟ್ಸ್‌ಗಳಲ್ಲಿ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯದ ಬಳಕೆ, ಸಮಸ್ಯೆ ಬಿಡಿಸುವುದು ಇಂಥ ತರಬೇತಿ ಕೊಡುವ ಕೆಲಸ ನನ್ನದು. ಇದರಿಂದ ಏನು ಸಿಗುತ್ತದೆ ಅಂತ ಮ್ಯಾನೇಜರ್‌ಗಳು ಕೇಳುತ್ತಿರುತ್ತಾರೆ. ಬೆಂಗಳೂರಿನ ಫ್ಯಾಕ್ಟರಿಗಳಲ್ಲೇ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನು ಅಳೆದು ನೋಡಿದ್ದಾರೆ. ತರಬೇತಿ ಪಡೆದವರ ಉತ್ಪಾದನೆ ಏರಿತು, ಪಡೆಯದೆ ಅದೇ ಲೈನಿನಲ್ಲಿ ಕೂತಿದ್ದವರದ್ದೂ ಏರಿತು. ಸಂಬಳ ಮಾತ್ರ ಅಷ್ಟಾಗಿ ಏರಲಿಲ್ಲ. ಈ ಕೊನೆಯ ಮಾತನ್ನು ನಾನು ಎಲ್ಲೂ ಬಿಡದೆ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಮಾತು ಸಂಬಳಕ್ಕೆ ಬದಲಿ ಅಲ್ಲ.

ಹಳೇ ಸೂಪರ್‌ವೈಸರ್ ಅಣ್ಣನ ಒಂದು ಮಾತಿಗೆ ನನ್ನ ತಕರಾರಿದೆ. ಎಲ್ಲರೆದುರು ಕ್ಷಮೆ ಕೇಳುವುದು ಸರಿ, ಆದರೆ ಮೊದಲು ಆ ಅಕ್ಕನನ್ನೇ ಒಂದು ಮಾತು ಕೇಳಿ. ಕೆಲವರಿಗೆ ಮತ್ತೊಮ್ಮೆ ಇಡೀ ಲೈನ್ ತಮ್ಮ ಕಡೆ ತಿರುಗುವುದೇ ಹಿಂಸೆ.

ಶರ್ಟ್‌ಲೈನ್

ಹತ್ತು ದಿನ ಆಯಿತು, ಬರೆಯಲು ತಡವಾಯಿತು.

ಬಟ್ಟೆ ನೇವಿ ಬ್ಲೂ. ಸಿಂಗಲ್‌ನೀಡಲ್ ಅವರ ಉತ್ತರ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನ ಬೆಲ್ ಆಗುವ ಮುಂಚೆ ಅಕ್ಕನ ಮಿಷನ್ ಹತ್ತಿರ ಹೋದೆ. "ಅಕ್ಕ, ಅವತ್ತು ನಾನು ಆಡಿದ್ದು ತಪ್ಪು. ಎಲ್ಲರೆದುರು ಅಂದಿದ್ದೆ, ಎಲ್ಲರೆದುರೇ ಹೇಳಲಾ?" ಅಂತ ಕೇಳಿದೆ. ಬೇಡ ಅಂದರು. ಸ್ವಲ್ಪ ಹೊತ್ತು ಬಾಬಿನ್ ಸರಿ ಮಾಡುತ್ತಾ ಕೂತಿದ್ದು, ಆಮೇಲೆ ಪಕ್ಕದ ಮಿಷನ್ ತೋರಿಸಿ, "ಇವಳು ಅವತ್ತು ನನ್ನ ಪರವಾಗಿ ಅತ್ತಳು, ಇವಳಿಗೆ ಹೇಳು ಸಾಕು" ಅಂದರು. ಹೇಳಿದೆ. ಅವಳು ಪುನಃ ಅತ್ತಳು. ನನಗೂ ತಡೆಯಲಾಗಲಿಲ್ಲ.

ಕಣ್ಣಿನ ವಿಷಯ ನಾನಾಗಿ ಎತ್ತಲಿಲ್ಲ. ಮೆಕ್ಯಾನಿಕ್ ಅಣ್ಣನಿಗೆ ಹೇಳಿ ಕಾಲರ್ ಮಿಷನ್‌ಗೆ ಒಂದು ಎಲ್‌ಇಡಿ ಲೈಟ್ ಹಾಕಿಸಿದೆ, ಗಾಢ ಬಣ್ಣ ಓಡುವಾಗ ಎಲ್ಲರಿಗೂ ಬೇಕಾಗುತ್ತದೆ ಅಂತ ಹೇಳಿ. ಮೂರನೇ ದಿನ ಅಕ್ಕ ಬ್ಯಾಗಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನಾನು ನೋಡಿಯೂ ನೋಡದವಳ ಹಾಗೆ ಮುಂದೆ ಹೋದೆ.

20 ನಿಮಿಷದ ಸುತ್ತು ಶುರುಮಾಡಿದ್ದೇನೆ. ಒತ್ತಡ ಜಾಸ್ತಿ ಇರುವ ಗಂಟೆ ನಾನೇ ಕಾಲರ್‌ಗೆ ಕೂರುತ್ತೇನೆ. ನಿನ್ನೆ ಮೂರು ಗಂಟೆ 74, 76, 73 ಬಂತು. 80 ಇನ್ನೂ ಆಗಿಲ್ಲ. ಇನ್‌ಚಾರ್ಜ್ ಬೈಯುವುದೂ ನಿಂತಿಲ್ಲ. ಮೊನ್ನೆ ಅವರು ಬೈದು ಹೋದ ಮೇಲೆ ನೀರು ಕುಡಿಯಲು ಹೋಗಿ ಎರಡು ನಿಮಿಷ ಅಲ್ಲೇ ನಿಂತು ಆಮೇಲೆ ಲೈನಿಗೆ ಬಂದೆ. ಒಂದು ದಿನ ಮಾತ್ರ ಬಾಯಿ ತಪ್ಪಿ ಬಟನ್ ಹುಡುಗಿ ಮೇಲೆ ಜೋರಾಗಿ ಅಂದುಬಿಟ್ಟೆ, ಅವಳ ಹತ್ತಿರ ಅವತ್ತೇ ಕೇಳಿಕೊಂಡೆ.

ಊಟಕ್ಕೆ ಇನ್ನೂ ಬೇರೆಯೇ ಕೂರುತ್ತಿದ್ದೇನೆ. ಇವತ್ತು ಅಕ್ಕ ಹೋಗುವಾಗ ನನ್ನ ಟೇಬಲ್ ಹತ್ತಿರ ನಿಂತು, "ಕಫ್ ಮಿಷನ್‌ಗೂ ಒಂದು ಲೈಟ್ ಹಾಕಿಸೇ, ಅವಳಿಗೂ ಕಾಣಲ್ಲ" ಅಂದರು. ಆರು ತಿಂಗಳಿಂದ ಮೇಡಂ ಅನ್ನುತ್ತಿದ್ದವರು.