ಡಾಕ್ಟರುಗಳ ಬ್ಯಾಚ್ ಗ್ರೂಪಿಗೆ ಬಂದ ‘ಇಮ್ಯೂನಿಟಿ ಜೀನ್ ಟೆಸ್ಟ್’

(ಫಾರ್ವರ್ಡ್) ‘ರೋಗನಿರೋಧಕ ಜೀನ್ ಪರೀಕ್ಷಿಸಿ. ಹೊಟ್ಟೆ, ಕರುಳಿನ ಕ್ಯಾನ್ಸರ್ ಮೊದಲೇ ತಿಳಿಯಿರಿ. ಎಂಜಲು ಸಾಕು!’

ಗಿರೀಶ: ನಗಬೇಡ್ರಪ್ಪ. ಉರಿಯೂತಕ್ಕೆ ಸಂಬಂಧಿಸಿದ ಐಎಲ್-1ಬಿ ಜೀನ್ ಬಗ್ಗೆ 2000ದಲ್ಲೇ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂದಿದೆ. ಅದರ ಕೆಲವು ರೂಪ ಇದ್ದೋರಿಗೆ ಜಠರದ ಬ್ಯಾಕ್ಟೀರಿಯಾ ಪೈಲೋರಿಯ ಸೋಂಕಾದ್ರೆ ಉರಿಯೂತ ಜಾಸ್ತಿ, ಆಸಿಡ್ ಕಮ್ಮಿ. ಆಸಿಡ್ ಇಳಿದ್ರೆ ಬ್ಯಾಕ್ಟೀರಿಯಾ ಜಠರದ ಮೇಲ್ಭಾಗಕ್ಕೂ ಹಬ್ಬಿ ಒಳಪೊರೆ ಸವೆದು ಕ್ಯಾನ್ಸರಿಗೆ ದಾರಿಯಾಗುತ್ತೆ.

ಶೈಲಜಾ: ಅದು ಸ್ಕಾಟ್ಲೆಂಡ್, ಪೋಲೆಂಡಿನೋರ ಸ್ಯಾಂಪಲ್. ಏಷ್ಯಾದಲ್ಲಿ ನೋಡಿದಾಗ ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ. ನಮ್ಮಲ್ಲಿ ಪೈಲೋರಿ ಮನೆಮನೆಗೂ ಇದೆ, ಜಠರದ ಕ್ಯಾನ್ಸರ್ ಅಷ್ಟಿಲ್ಲ. ಮಿಜೋರಾಂ ಬೇರೆ ಕಥೆ, ಅಲ್ಲಿ ತಂಬಾಕಿನ ಹೊಗೆ ಹಾಯಿಸಿದ ನೀರು, ಹೊಗೆಗಿಟ್ಟ ಮಾಂಸದ ಮೇಲೂ ಅನುಮಾನ. ಈ ರಿಪೋರ್ಟ್ ಹಿಡ್ಕೊಂಡು ಬಂದೋರಿಗೆ ಏನು ಹೇಳ್ತೀಯ?

ಗಿರೀಶ: ಪೈಲೋರಿ ಟೆಸ್ಟ್ ಮಾಡಿಸಿ ಅಂತ.

ಶೈಲಜಾ: ಅದಕ್ಕೆ ಜೀನ್ ಯಾಕೋ? ಯೂರಿಯಾ ಬ್ರೆತ್ ಟೆಸ್ಟ್ (ಉಸಿರಿನ ಪರೀಕ್ಷೆ) ಸಾಕು. ಆಸಿಡ್ ತಗ್ಗಿಸೋ ಒಮೆಪ್ರಜೋಲ್ ಥರದ್ದು ನಿಲ್ಲಿಸಿ ಎರಡು ವಾರ, ಆಂಟಿಬಯೋಟಿಕ್ ನಿಲ್ಲಿಸಿ ನಾಲ್ಕು ವಾರ ಆಗಿರ್ಬೇಕು. ಇಲ್ದಿದ್ರೆ ಸುಳ್ಳು ನೆಗೆಟಿವ್.

ಮಂಜುನಾಥ: ಜೀನು, ರೋಗನಿರೋಧಕ ಶಕ್ತಿ, ಕ್ಯಾನ್ಸರ್ ನಡುವಿನ ನಂಟು ನಿಜಕ್ಕೂ ಕೆಲಸಕ್ಕೆ ಬರೋದು ವಂಶದಲ್ಲಿ ಕ್ಯಾನ್ಸರ್ ಅಪಾಯ ತರೋ ಲಿಂಚ್ ಸಿಂಡ್ರೋಮ್‌ನಲ್ಲಿ. ಡಿಎನ್‌ಎ ತಪ್ಪು ತಿದ್ದೋ ಜೀನೇ ಕೆಟ್ಟಿರುತ್ತೆ, ಗೆಡ್ಡೆಯಲ್ಲಿ ವಿಚಿತ್ರ ಪ್ರೋಟೀನ್ ತುಂಡುಗಳು ರಾಶಿ ಬೀಳ್ತವೆ, ರೋಗನಿರೋಧಕ ಟಿ-ಕೋಶಗಳು ಮುತ್ಕೊಳ್ತವೆ. ಆದ್ರೆ ಅವುಗಳ ಮೇಲೆ ಪಿಡಿ-1 ಅನ್ನೋ ಬ್ರೇಕ್ ಬಿದ್ದಿರುತ್ತೆ. ಪೆಂಬ್ರೊಲಿಜುಮಾಬ್ ಔಷಧ ಅದನ್ನ ಬಿಡಿಸುತ್ತೆ; 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಗೆಡ್ಡೆ ಯಾವ ಅಂಗದ್ದಾದ್ರೂ ಸರಿ ಅಂತ ಒಪ್ಪಿಗೆ ಕೊಟ್ಟಿತು. ಇದಕ್ಕೆ ಎಂಜಲು ಸಾಲಲ್ಲ, ಗೆಡ್ಡೆಯ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಬೇಕು. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6, ತಪ್ಪು ತಿದ್ದೋ ಈ ನಾಲ್ಕೂ ಪ್ರೋಟೀನಿಗೆ ಸ್ಟೇನ್ ಹಾಕಿ. ಪಕ್ಕದ ಆರೋಗ್ಯವಂತ ಬಿಳಿ ರಕ್ತಕಣ ಲಿಂಫೊಸೈಟ್‌ನ ನ್ಯೂಕ್ಲಿಯಸ್ಸೂ ಕಂದು ಬಣ್ಣ ಹಿಡಿದಿಲ್ಲ ಅಂದ್ರೆ ‘ಲಾಸ್’ (ಪ್ರೋಟೀನ್ ಇಲ್ಲ) ಅಂತ ಬರೀಬೇಡಿ. ಕರುಳು ಸೀಳದೆ ಹಾಗೇ ಡಬ್ಬಕ್ಕೆ ತುರುಕಿರ್ತಾರೆ, ಅಂಗಾಂಶ ಕೆಡದಂತೆ ಕಾಯೋ ಫಾರ್ಮಲಿನ್ ಒಳಗೇ ಇಳಿದಿರಲ್ಲ, ಸ್ಟೇನ್ ಸರಿಯಾಗಿ ಹಿಡಿಯಲ್ಲ.

ಗಿರೀಶ: ಎಂಎಲ್‌ಎಚ್1 ಹೋಗಿದ್ರೆ ಲಿಂಚ್ ಗ್ಯಾರಂಟಿ ತಾನೆ?

ಮಂಜುನಾಥ: ಎಲ್ಲಿಂದ ಗ್ಯಾರಂಟಿ! ವಯಸ್ಸಾದೋರಲ್ಲಿ ಹೆಚ್ಚಾಗಿ ಜೀನಿನ ಸ್ವಿಚ್ ಮುಚ್ಚೋ ಪ್ರೊಮೋಟರ್ ಮಿಥೈಲೇಶನ್‌ನಿಂದ ಹೋಗಿರುತ್ತೆ. ದೊಡ್ಡ ಕರುಳಿನದಾದ್ರೆ ಗೆಡ್ಡೆಯಲ್ಲಿ ಬಿ-ರಾಫ್ ವಿ600ಇ ಅನ್ನೋ ಜೀನ್ ಬದಲಾವಣೆ ಇದೆಯಾ ನೋಡು. ಪಾಸಿಟಿವ್ ಆದ್ರೆ ಲಿಂಚ್ ಬಹುತೇಕ ಇಲ್ಲ. ನೆಗೆಟಿವ್ ಬಂದ್ರೆ ಮಿಥೈಲೇಶನ್, ಅದೂ ಇಲ್ಲ ಅಂದ್ಮೇಲೆ ರಕ್ತದಲ್ಲಿ ಜೀನ್ ಪರೀಕ್ಷೆ, ಕೌನ್ಸೆಲಿಂಗ್ ಮಾಡಿಸಿ. ಎಂಎಸ್‌ಎಚ್2 ಹೋಗಿದ್ರೆ ನೇರ ರಕ್ತಕ್ಕೆ ಹೋಗು.

ಗಿರೀಶ: ಸರಿ. ಆದ್ರೂ ಐಎಲ್-1ಬಿ ಕಸ ಅಂದ್ರೆ ಒಪ್ಪಲ್ಲ.

ಶೈಲಜಾ: ಕಸ ಅಂತ ಯಾರೂ ಅಂದಿಲ್ಲ ಮಾರಾಯ. ಲ್ಯಾಬಿನೋರು ಅದನ್ನ ಪ್ಯಾಕೇಜ್ ಮಾಡಿ ಮಾರೋದಕ್ಕೆ ನನ್ನ ತಕರಾರು.

ಗಿರೀಶ: ಮಂಜು, ರೆಕ್ಟಮ್ (ಗುದನಾಳ) ಕೇಸಲ್ಲಿ ಯಾವ ಬ್ಲಾಕ್ ಕಳಿಸ್ಲಿ?

ಮಂಜುನಾಥ: ಕೀಮೋ-ರೇಡಿಯೇಶನ್‌ಗೆ ಮುಂಚಿನ ಬಯಾಪ್ಸಿದು. ಆಮೇಲಿನದರಲ್ಲಿ ಎಂಎಸ್‌ಎಚ್6 ಮಂಕಾಗಿ ದಾರಿ ತಪ್ಪಿಸುತ್ತೆ.